ಮೇಷ್ಟ್ರಿಗೆ ಸಂದ ಗೌರವ ಮಿಸ್ಟ್ರೆಸ್‌ಗೆ ಏಕೆ ಸಲ್ಲಲಿಲ್ಲ?

ನಮ್ಮ ಪಟ್ಟಣಗಳ ಹಲವು ಶಾಲೆಗಳಲ್ಲಿ ಮುಖ್ಯೋಪಾಧ್ಯಾಯಿನಿಯವರ ಕೊಠಡಿಯ ಬಾಗಿಲಲ್ಲಿ ಇಂದಿಗೂ ‘ಹೆಡ್‌ಮಿಸ್ಟ್ರೆಸ್’ ಎಂಬ ಫಲಕವಿದೆ. ವರ್ಗಾವಣೆ ಪತ್ರದ ಮೇಲೆ ಒತ್ತುವ ಮೊಹರಿನಲ್ಲೂ ಅದೇ ಪದವಿರುತ್ತದೆ. ಇಂಗ್ಲಿಷರು ‘ಸ್ಕೂಲ್ ಮಿಸ್ಟ್ರೆಸ್’ ಎನ್ನುತ್ತಿದ್ದ ಶಾಲಾ ಶಿಕ್ಷಕಿಯ ಹಳೆಯ ಹೆಸರಿನ ಪಳೆಯುಳಿಕೆ ಅದು. ಆ ಪದ ಹುಟ್ಟಿದ ದೇಶದಲ್ಲೇ ಅದರ ಬಳಕೆ ಇಂದು ವಿರಳವಾಗಿದೆ. ಅಲ್ಲಿನವರು ಗಂಡು-ಹೆಣ್ಣೆಂಬ ಭೇದವಿಲ್ಲದೆ ‘ಟೀಚರ್’, ‘ಹೆಡ್ ಟೀಚರ್’ ಎನ್ನುತ್ತಾರೆ. ಕಾರಣವೇನೆಂಬುದು ನಿಘಂಟು ತೆರೆದವರಿಗೆಲ್ಲ ತಿಳಿಯುತ್ತದೆ. ‘ಮಿಸ್ಟ್ರೆಸ್’ ಎಂದರೆ ಇಂದಿನ ಇಂಗ್ಲಿಷಿನಲ್ಲಿ ಮೊದಲು ನೆನಪಾಗುವುದು ವಿವಾಹಬಾಹಿರ ಸಂಬಂಧದಲ್ಲಿರುವ ಹೆಣ್ಣು, ಅಕ್ಷರ ಕಲಿಸುವ ಗುರುವಲ್ಲ.

ಆದರೆ ಅದರ ಜೋಡಿಪದವಾದ ‘ಮಾಸ್ಟರ್’ಗೆ ಇಂತಹ ದುರ್ಗತಿ ಬರಲಿಲ್ಲ. ಎರಡರ ಮೂಲವೂ ಒಂದೇ. ಲ್ಯಾಟಿನಿನ ‘ಮಾಗಿಸ್ತರ್’ ಎಂಬ ಪದ, ಅಂದರೆ ಮೇಲಿನವನು, ಬಲ್ಲವನು, ಫ್ರೆಂಚ್ ಭಾಷೆಯನ್ನು ಹಾದು ಬಂದು ಇಂಗ್ಲಿಷಿನಲ್ಲಿ ಮಾಸ್ಟರ್ ಆಯಿತು. ಅದರ ಸ್ತ್ರೀರೂಪ ಮಿಸ್ಟ್ರೆಸ್ ಆಯಿತು. ಆರಂಭದಲ್ಲಿ ಎರಡಕ್ಕೂ ಸಮಾನ ತೂಕವಿತ್ತು. ಮನೆಯ ಯಜಮಾನಿ, ವ್ಯಾಪಾರದ ಒಡತಿ, ವಿದ್ಯೆ ಕಲಿಸುವವಳು ಎಲ್ಲರೂ ಮಿಸ್ಟ್ರೆಸ್‌ಗಳೇ. ನಂತರ ‘ಮಾಸ್ಟರ್’ ಮೇಲಕ್ಕೇರುತ್ತಾ ಹೋಯಿತು. ವಿಶ್ವವಿದ್ಯಾಲಯದ ಪದವಿ ಅದರ ಹೆಸರಲ್ಲಾಯಿತು, ಶ್ರೇಷ್ಠ ಕಲಾಕೃತಿ ‘ಮಾಸ್ಟರ್‌ಪೀಸ್’ ಆಯಿತು, ನಗರ ಯೋಜನೆ ‘ಮಾಸ್ಟರ್ ಪ್ಲಾನ್’ ಆಯಿತು. ಎಂ.ಎ. ಮುಗಿಸಿದ ನಮ್ಮ ಹೆಣ್ಣುಮಕ್ಕಳೂ ‘ಮಾಸ್ಟರ್ ಆಫ್ ಆರ್ಟ್ಸ್’ಗಳೇ ಹೊರತು ‘ಮಿಸ್ಟ್ರೆಸ್ ಆಫ್ ಆರ್ಟ್ಸ್’ಗಳಲ್ಲ. ಹಾಗೆಂದು ಯಾರಾದರೂ ಹೇಳಿದರೆ ಅದನ್ನು ಅವಮಾನವೆಂದೇ ಎಣಿಸಲಾಗುತ್ತದೆ.

ಕನ್ನಡಕ್ಕೆ ಬಂದ ಮೇಲಂತೂ ‘ಮಾಸ್ಟರ್’ನ ಭಾಗ್ಯ ಇನ್ನಷ್ಟು ಬೆಳಗಿತು. ಅದು ‘ಮೇಷ್ಟ್ರು’ ಆಯಿತು, ‘ಮಾಸ್ತರು’ ಆಯಿತು. ಪಿ. ಲಂಕೇಶರಂತಹ ಪತ್ರಿಕಾ ಸಂಪಾದಕರನ್ನೂ ನಾಡು ಪ್ರೀತಿಯಿಂದ ಮೇಷ್ಟ್ರು ಎಂದೇ ಕರೆಯಿತು. ಆ ಪದದಲ್ಲಿ ಪ್ರೀತಿಯಿದೆ, ಭಯವಿದೆ, ಪಾಂಡಿತ್ಯದ ಅಂಗೀಕಾರವಿದೆ. ಮಿಸ್ಟ್ರೆಸ್‌ಗೆ ಅಂತಹ ಕನ್ನಡ ರೂಪವೊಂದು ದೊರೆಯಲಿಲ್ಲ. ಉತ್ತರ ಕರ್ನಾಟಕದ ಮಕ್ಕಳು ಶಿಕ್ಷಕಿಯನ್ನು ‘ಅಕ್ಕೋರು’ ಎನ್ನುತ್ತಾರೆ. ಹೃದ್ಯವಾದ ಪದವದು, ಅದು ಅಳಿಯಬಾರದು. ಆದರೂ ಒಂದನ್ನು ಗಮನಿಸಬೇಕು. ಮಾಸ್ತರಿಗೆ ಮನ್ನಣೆ ದೊರೆತದ್ದು ವಿದ್ಯೆಯಿಂದ, ಅಕ್ಕೋರಿಗೆ ದೊರೆತದ್ದು ಬಂಧುತ್ವದಿಂದ.

ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಅಕ್ಕೋರು ಇಲ್ಲ, ‘ಮಿಸ್’ ಇದ್ದಾರೆ. ಐವತ್ತು ದಾಟಿದ, ಮೊಮ್ಮಕ್ಕಳನ್ನು ಕಂಡ ಶಿಕ್ಷಕಿಯೂ ‘ಮಿಸ್’ ಆಗಿಯೇ ಉಳಿಯುತ್ತಾರೆ. ಪಕ್ಕದ ತರಗತಿಯಲ್ಲಿ ನಿನ್ನೆಯಷ್ಟೇ ಸೇರಿದ ಇಪ್ಪತ್ತಮೂರರ ಯುವಕ ‘ಸರ್’ ಆಗುತ್ತಾನೆ. ‘ಸರ್’ ಎಂಬುದು ಇಂಗ್ಲೆಂಡಿನ ಅರಸರು ಬಿರುದಾಗಿ ನೀಡುವ ಪದ. ‘ಮಿಸ್’ ಎಂಬುದು ಮಿಸ್ಟ್ರೆಸ್ ಪದವನ್ನು ಮೊಟಕುಗೊಳಿಸಿ ಅವಿವಾಹಿತೆಗೆ ಮೀಸಲಿಟ್ಟ ಸಂಬೋಧನೆ. ‘ಮಿಸೆಸ್’ ಎಂಬುದೂ ಅದೇ ಮಿಸ್ಟ್ರೆಸ್‌ನ ಸಂಕ್ಷೇಪವೇ ಆಗಿದ್ದು, 18ನೇ ಶತಮಾನದವರೆಗೂ ಅದಕ್ಕೂ ಮದುವೆಗೂ ಕಡ್ಡಾಯ ನಂಟೇನೂ ಇರಲಿಲ್ಲ.

ಶಿಕ್ಷಕಿಯು ‘ಮಿಸ್’ ಆಗಿಯೇ ಏಕೆ ಉಳಿದಳು? ಇದರ ಹಿಂದೆ ಭಾಷೆಯ ಆಕಸ್ಮಿಕಕ್ಕಿಂತ ಮಿಗಿಲಾದುದೊಂದಿದೆ. ಬ್ರಿಟನ್ನಿನ ಅನೇಕ ಸ್ಥಳೀಯ ಆಡಳಿತಗಳು ಮದುವೆಯಾದೊಡನೆ ಶಿಕ್ಷಕಿಯು ಕೆಲಸ ಬಿಡಬೇಕೆಂಬ ನಿಯಮ ಮಾಡಿಕೊಂಡಿದ್ದವು. ಲಂಡನ್ ಕೌಂಟಿ ಕೌನ್ಸಿಲ್ ಈ ನಿರ್ಬಂಧವನ್ನು ಕೈಬಿಟ್ಟದ್ದು 1935ರಲ್ಲಿ. ಇಡೀ ಇಂಗ್ಲೆಂಡಿನಲ್ಲಿ ಅದು ತೊಲಗಲು 1944ರ ಶಿಕ್ಷಣ ಕಾಯ್ದೆಯೇ ಬರಬೇಕಾಯಿತು. ಸಮಾನ ವೇತನಕ್ಕೆ ಒಪ್ಪಿಗೆ ದೊರೆತದ್ದು 1955ರಲ್ಲಿ. ಅದು ಪೂರ್ಣವಾಗಿ ಕೈಗೆ ಸಿಕ್ಕಿದ್ದು 1961ರಲ್ಲಿ. ಪುರುಷ ಶಿಕ್ಷಕರ ಸಂಘಟನೆಯೊಂದು ಸಮಾನ ವೇತನವನ್ನೂ ಮಹಿಳಾ ಮುಖ್ಯಸ್ಥೆಯ ಕೈಕೆಳಗೆ ಪುರುಷರು ದುಡಿಯುವುದನ್ನೂ ದಶಕಗಳ ಕಾಲ ವಿರೋಧಿಸಿತು. ಇಸ್ಲಾಮ್ ಮಹಿಳೆಯನ್ನು ತುಳಿಯುತ್ತದೆಂದು ನಮಗೆ ಪಾಠ ಹೇಳುವವರ ಮನೆಯ ಚರಿತ್ರೆಯಿದು. ಇದನ್ನು ಹೇಳುವುದು ಹಂಗಿಸುವುದಕ್ಕಲ್ಲ. ಶಿಕ್ಷಕಿಯನ್ನು ಕಡಿಮೆ ಸಂಬಳದ ತಾತ್ಕಾಲಿಕ ನೌಕರಳೆಂದು ಸಮಾಜವೊಂದು ನಿರ್ಧರಿಸಿದರೆ ಅವಳ ಹೆಸರು ತಾನಾಗಿಯೇ ಹಗುರವಾಗುತ್ತದೆ ಎಂಬುದನ್ನು ಕಾಣಿಸುವುದಕ್ಕಾಗಿ.

ಅದೇ ಇಂಗ್ಲೆಂಡಿನಲ್ಲಿ ಈ ಪದ ತಲೆಯೆತ್ತಿ ನಿಂತ ಸ್ಥಳವೂ ಒಂದಿದೆ. 1869ರಲ್ಲಿ ಎಮಿಲಿ ಡೇವಿಸ್ ಮತ್ತು ಅವರ ಸಂಗಡಿಗರು ಮಹಿಳೆಯರಿಗಾಗಿ ಆರಂಭಿಸಿದ, ಮುಂದೆ ಕೇಂಬ್ರಿಜ್‌ನಲ್ಲಿ ನೆಲೆಗೊಂಡ ಗರ್ಟನ್ ಕಾಲೇಜಿನ ಮುಖ್ಯಸ್ಥರ ಅಧಿಕೃತ ಪದನಾಮ ಆರಂಭದಿಂದಲೂ ‘ಮಿಸ್ಟ್ರೆಸ್’. 2022ರಲ್ಲಿ ಆ ಸ್ಥಾನಕ್ಕೆ ಬಂದವರು ಅರಬಿ ಭಾಷೆಯ ವಿದ್ವಾಂಸೆ ಎಲಿಸಬೆತ್ ಕೆಂಡಲ್. ಅಲ್ಲಿ ಆ ಪದ ಕೇಳಿ ನಗುವವರಿಲ್ಲ. ಏಕೆಂದರೆ ಆ ಪದದ ಹಿಂದೆ ಅಧಿಕಾರವಿದೆ, ಸಂಸ್ಥೆಯಿದೆ, ನಿಧಿಯಿದೆ, ಸಹಿ ಹಾಕುವ ಹಕ್ಕಿದೆ. ಕೇಂಬ್ರಿಜ್ ಮಹಿಳೆಯರಿಗೆ ಪೂರ್ಣ ಪದವಿ ನೀಡತೊಡಗಿದ್ದು 1948ರಲ್ಲಿ ಎಂಬುದನ್ನು ನೆನೆದರೆ, ಸುಮಾರು ಎಂಟು ದಶಕಗಳ ಕಾಲ ಆ ಪದವನ್ನು ಅವರು ಎಷ್ಟು ಹಠದಿಂದ ಕಾಪಾಡಿಕೊಂಡರೆಂಬುದು ಅರಿವಾಗುತ್ತದೆ.

ಇನ್ನು ನಮ್ಮ ಉಪಖಂಡದ ಕಡೆ ಬರೋಣ. ಉರ್ದುವಿನ ‘ಉಸ್ತಾನಿ’ ಎಂಬ ಪದವನ್ನು ಗಮನಿಸಿ. ಅದಕ್ಕೆ ಎರಡು ಅರ್ಥಗಳಿವೆ: ಕಲಿಸುವವಳು ಮತ್ತು ಉಸ್ತಾದರ ಹೆಂಡತಿ. ವಿದ್ಯೆ ಯಾರದ್ದು, ಅವಳದ್ದೇ ಅಥವಾ ಗಂಡನದ್ದೇ ಎಂಬುದು ಆ ಪದದಿಂದ ತಿಳಿಯುವುದಿಲ್ಲ. ಸಂಸ್ಕೃತದ ವೈಯಾಕರಣರು ಈ ಗೊಂದಲವನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಸ್ವತಃ ಬೋಧಿಸುವವಳು ‘ಆಚಾರ್ಯಾ’, ಆಚಾರ್ಯನ ಪತ್ನಿ ‘ಆಚಾರ್ಯಾನೀ’ ಎಂದು ಅವರು ಬೇರ್ಪಡಿಸಿದರು. ವ್ಯತ್ಯಾಸ ಹೇಳುವ ಅಗತ್ಯ ಬಿದ್ದಿತ್ತೆಂದರೆ ಬೋಧಿಸುವ ಸ್ತ್ರೀಯರು ಇದ್ದರೆಂದೇ ಅರ್ಥ. ಕಾಲಕ್ರಮೇಣ ಬಳಕೆಯಲ್ಲಿ ಹೆಚ್ಚು ಉಳಿದದ್ದು ಗುರುಪತ್ನಿಯ ಕಥೆಗಳೇ.

ಅರಬಿಯಲ್ಲಿ ಈ ಸಂಶಯಕ್ಕೆ ಎಡೆಯಿರಲಿಲ್ಲ. ‘ಮುಅಲ್ಲಿಮ್’ ಎಂಬುದಕ್ಕೆ ‘ಮುಅಲ್ಲಿಮಾ’, ‘ಶೈಖ್’ ಎಂಬುದಕ್ಕೆ ‘ಶೈಖಾ’, ‘ಮುಹದ್ದಿಸ್’ ಎಂಬುದಕ್ಕೆ ‘ಮುಹದ್ದಿಸಾ’. ಇವು ಯಾವುವೂ ಪತ್ನಿಯನ್ನು ಸೂಚಿಸುವ ಪದಗಳಲ್ಲ, ಅವಳ ಸ್ವಂತ ವಿದ್ಯೆಯನ್ನು ಸೂಚಿಸುವ ಪದಗಳು. ಪ್ರವಾದಿ(ಸ)ಯವರ ಕಾಲದಲ್ಲೇ ಶಿಫಾ ಬಿಂತ್ ಅಬ್ದುಲ್ಲಾ(ರ) ಓದು ಬರಹ ಬಲ್ಲವರಾಗಿದ್ದರು ಮತ್ತು ಹ. ಹಫ್ಸಾ(ರ) ಅವರಿಗೆ ಬರಹ ಕಲಿಸಿದ್ದರು. ಹ. ಆಯಿಶಾ(ರ) ಅವರಿಂದ ಎರಡು ಸಾವಿರಕ್ಕೂ ಹೆಚ್ಚು ಹದೀಸ್‌ಗಳು ವರದಿಯಾಗಿವೆ. ಹಿರಿಯ ಸಹಾಬಿಗಳೇ ಸಂಶಯ ಬಂದಾಗ ಅವರ ಬಾಗಿಲು ತಟ್ಟುತ್ತಿದ್ದರು. ದಮಾಸ್ಕಸ್‌ನಲ್ಲಿ ಉಮ್ಮುದ್ದರ್ದಾ ಅವರ ಪಾಠದಲ್ಲಿ ಖಲೀಫ ಅಬ್ದುಲ್ ಮಲಿಕ್ ಬಿನ್ ಮರ್ವಾನ್ ಕುಳಿತಿದ್ದುದು ಚರಿತ್ರೆಯಲ್ಲಿ ದಾಖಲಾಗಿದೆ. ಅದು ಗಮನಿಸಬೇಕಾದ ದೃಶ್ಯ. ಸಾಮ್ರಾಜ್ಯವನ್ನು ಆಳುವವನು ವಿದ್ಯಾರ್ಥಿ, ಕಲಿಸುವವಳು ಮಹಿಳೆ.

ಕ್ರಿ.ಶ. 11ನೇ ಶತಮಾನದಲ್ಲಿ ಮಕ್ಕಾದಲ್ಲಿ ನೆಲೆಸಿದ್ದ ಕರೀಮಾ ಮರ್ವಝಿಯ್ಯಾ ಅವರು ಸಹೀಹುಲ್ ಬುಖಾರಿಯ ಬೋಧನೆಗೆ ಎಷ್ಟು ಖ್ಯಾತರಾಗಿದ್ದರೆಂದರೆ, ಬಗ್ದಾದಿನ ಚರಿತ್ರೆಯನ್ನು ಬರೆದ ಖತೀಬ್ ಬಗ್ದಾದಿಯಂತಹ ದಿಗ್ಗಜರು ಅವರ ಬಳಿ ಆ ಗ್ರಂಥವನ್ನು ಓದಿದರು. ಕರೀಮಾ ನೀಡಿದ ಇಜಾಝತ್, ಅಂದರೆ ಬೋಧನಾ ಅನುಮತಿ, ಪುರುಷ ವಿದ್ವಾಂಸರು ನೀಡಿದ್ದಕ್ಕಿಂತ ಕಡಿಮೆ ಎಂದು ಯಾರೂ ಬಗೆಯಲಿಲ್ಲ. ಉತ್ತರ ಪ್ರದೇಶದ ಜೌನ್‌ಪುರ ಮೂಲದ ವಿದ್ವಾಂಸ ಮುಹಮ್ಮದ್ ಅಕ್ರಮ್ ನದ್ವಿ ಇಂತಹ ಮಹಿಳೆಯರ ಜೀವನ ಚರಿತ್ರೆಗಳನ್ನು ಸಂಗ್ರಹಿಸಲು ಕೈಹಾಕಿದಾಗ ಅದು ಸಣ್ಣ ಪುಸ್ತಕವಾದೀತೆಂಬ ನಿರೀಕ್ಷೆಯಿತ್ತು. 2021ರಲ್ಲಿ ಅದು ಅರಬಿಯಲ್ಲಿ 43 ಸಂಪುಟಗಳಾಗಿ ಹೊರಬಂತು. ನಮ್ಮ ಮೊಹಲ್ಲಾಗಳ ಎಷ್ಟು ಗ್ರಂಥಾಲಯಗಳಲ್ಲಿ ಆ ಮಹಿಳೆಯರ ಬಗ್ಗೆ ಒಂದು ಕಿರುಹೊತ್ತಗೆಯಾದರೂ ಇದೆ?

ಭಾರತದಲ್ಲೂ ಈ ಪರಂಪರೆ ಬತ್ತಿರಲಿಲ್ಲ. ಗರ್ಟನ್ ಕಾಲೇಜು ಆರಂಭವಾದ 1869ರಲ್ಲೇ ಡೆಪ್ಯುಟಿ ನಝೀರ್ ಅಹ್ಮದ್ ಅವರ ‘ಮಿರಾತುಲ್ ಉರೂಸ್’ ಎಂಬ ಉರ್ದು ಕಾದಂಬರಿ ಪ್ರಕಟವಾಯಿತು. ಅದರ ನಾಯಕಿ ಅಸ್ಗರಿ ಕೇವಲ ಜಾಣ ಸೊಸೆಯಲ್ಲ. ತನ್ನ ಮನೆಯಲ್ಲೇ ನೆರೆಹೊರೆಯ ಹೆಣ್ಣುಮಕ್ಕಳಿಗೆ ಶಾಲೆ ನಡೆಸುವ ಶಿಕ್ಷಕಿ. ಎಷ್ಟೋ ಕುಟುಂಬಗಳು ಮಗಳ ವರದಕ್ಷಿಣೆಯ ಪೆಟ್ಟಿಗೆಯಲ್ಲಿ ಆ ಪುಸ್ತಕವನ್ನು ಇಟ್ಟು ಕಳುಹಿಸಿದವು. ಆದರೆ ಅವುಗಳಿಗೆ ಬೇಕಾದದ್ದು ಅಸ್ಗರಿಯ ಮಿತವ್ಯಯ ಮತ್ತು ವಿಧೇಯತೆ ಮಾತ್ರ. ಅವಳ ಶಾಲೆ ಅವುಗಳ ಕಣ್ಣಿಗೆ ಬೀಳಲಿಲ್ಲ.

ಪುಣೆಯಲ್ಲಿ ಫುಲೆ ದಂಪತಿಯೊಡನೆ ದುಡಿದ ಫಾತಿಮಾ ಶೇಖ್ ಅವರ ವಿಷಯವೂ ಹೀಗೆಯೇ. 2025ರ ಜನವರಿಯಲ್ಲಿ ಅಂತಹ ವ್ಯಕ್ತಿಯೇ ಇರಲಿಲ್ಲ, ಅದು ಕಟ್ಟುಕಥೆ ಎಂಬ ವಾದವೊಂದು ಗದ್ದಲವೆಬ್ಬಿಸಿತು. ಸಾವಿತ್ರಿಬಾಯಿ ಅವರೇ 1856ರಲ್ಲಿ ಪತಿಗೆ ಬರೆದ ಪತ್ರದಲ್ಲಿ ಫಾತಿಮಾ ಎಂಬ ಹೆಸರು ಬರುತ್ತದೆ. ಅವರ ಬದುಕಿನ ವಿವರಗಳು ಅತ್ಯಲ್ಪವಾಗಿ ಉಳಿದಿರುವುದು ನಿಜ. ಆದರೆ ಅದಕ್ಕೆ ಕಾರಣವೇನು? ಮುಸ್ಲಿಮ್ ಶಿಕ್ಷಕಿಯ ಹೆಸರನ್ನು ಬರೆದಿಡುವ ಅಗತ್ಯ ಆ ಕಾಲದಲ್ಲಿ ಯಾರಿಗೂ ಕಾಣಲಿಲ್ಲ, ಸ್ವಂತ ಸಮುದಾಯಕ್ಕೂ ಸಹ. ಬರೆದಿಡದ ಹೆಸರನ್ನು ಅಳಿಸುವುದು ಸುಲಭ.

ಬೇಗಂ ರುಖಯ್ಯಾ ಸಖಾವತ್ ಹುಸೇನ್ 1911ರಲ್ಲಿ ಕಲ್ಕತ್ತಾದಲ್ಲಿ 8 ಹುಡುಗಿಯರೊಂದಿಗೆ ಶಾಲೆ ತೆರೆದಾಗ ಎದುರಾದ ದೊಡ್ಡ ಕಷ್ಟಗಳಲ್ಲಿ ಒಂದು, ಪಾಠ ಹೇಳಬಲ್ಲ ಮುಸ್ಲಿಮ್ ಮಹಿಳೆಯರ ಅಭಾವ. ದೂರದ ಊರುಗಳಿಂದ ಕರೆತಂದರು, ತಾವೇ ತರಬೇತಿ ಕೊಟ್ಟರು, ಕಡೆಗೆ ಮುಸ್ಲಿಮ್ ಮಹಿಳಾ ತರಬೇತಿ ಶಾಲೆಗಾಗಿ ಸರಕಾರವನ್ನು ಒತ್ತಾಯಿಸಿದರು. ಇಂದು ನಮ್ಮ ಪಟ್ಟಣಗಳಲ್ಲಿ ಆ ಅಭಾವವಿಲ್ಲ. ಬಿ.ಎಡ್., ಡಿ.ಎಡ್. ಮುಗಿಸಿದ ಹೆಣ್ಣುಮಕ್ಕಳು ಎಷ್ಟೋ ಮನೆಗಳಲ್ಲಿದ್ದಾರೆ. ಮಹಿಳಾ ಶರೀಅತ್ ಕಾಲೇಜುಗಳಿಂದ ಆಲಿಮಾಗಳು ಹೊರಬರುತ್ತಿದ್ದಾರೆ. ಅವರಿಗೆ ಸಮುದಾಯ ಏನು ಕೊಟ್ಟಿದೆ?

ಮದುವೆಯ ಮಾತುಕತೆಯಲ್ಲಿ ಕೇಳಿಬರುವ ಮಾತನ್ನು ಎಲ್ಲರೂ ಬಲ್ಲರು: “ಟೀಚರ್ ಕೆಲಸವಾದರೆ ಅಡ್ಡಿಯಿಲ್ಲ, ನಾಲ್ಕು ಗಂಟೆಗೆ ಮನೆಗೆ ಬರುತ್ತಾಳಲ್ಲ.” ಮೇಲ್ನೋಟಕ್ಕೆ ಇದು ಉದಾರ ಮಾತು. ಆದರೆ ಇಲ್ಲಿ ಮೆಚ್ಚುಗೆಯಿರುವುದು ಬೇಗ ಮನೆಗೆ ಬರುವುದಕ್ಕೇ ಹೊರತು ಕಲಿಸುವುದಕ್ಕಲ್ಲ. ಇದೇ ತರ್ಕ ಶಾಲಾ ಆಡಳಿತ ಮಂಡಳಿಯ ಕೊಠಡಿಯಲ್ಲೂ ಕೆಲಸ ಮಾಡುತ್ತದೆ. ಅವಳಿಗೆ ಮನೆ ನಡೆಸುವ ಹೊಣೆಯಿಲ್ಲ, ಗಂಡನೋ ತಂದೆಯೋ ಇದ್ದಾರೆ, ಕೊಟ್ಟಷ್ಟು ಸಾಕು ಎಂಬುದು ಅಲ್ಲಿನ ಅಲಿಖಿತ ನಿಯಮ. ಸಮುದಾಯದವರೇ ನಡೆಸುವ ಎಷ್ಟೋ ಖಾಸಗಿ ಶಾಲೆಗಳಲ್ಲಿ ಶಿಕ್ಷಕಿಗೆ ನೇಮಕಾತಿ ಪತ್ರವಿಲ್ಲ. ಬೇಸಗೆ ರಜೆಯ ಎರಡು ತಿಂಗಳ ಸಂಬಳವಿಲ್ಲ. ಹೆರಿಗೆಗೆ ಹೋದವಳು ಮರಳಿ ಬಂದಾಗ ಅವಳ ತರಗತಿಯಲ್ಲಿ ಇನ್ನೊಬ್ಬಳು ಇರುತ್ತಾಳೆ. ಸಂಬಳ ಪಟ್ಟಿಯಲ್ಲಿ ಒಂದು ಮೊತ್ತಕ್ಕೆ ಸಹಿ, ಕೈಗೆ ಸಿಗುವುದು ಇನ್ನೊಂದು ಮೊತ್ತ ಎಂಬ ದೂರು ಹೊಸತೇನಲ್ಲ. ಕಾರ್ಮಿಕನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂದು ಕಲಿಸಿದ ಪ್ರವಾದಿ(ಸ)ಯವರ ಹೆಸರನ್ನು ಹೊತ್ತ ಸಂಸ್ಥೆಗಳಲ್ಲಿ ಇದು ನಡೆಯುತ್ತದೆ. ಇಂಗ್ಲೆಂಡಿನಲ್ಲಿ 1944ರಲ್ಲಿ ಕಾನೂನಿನಿಂದ ತೊಲಗಿದ ಮದುವೆಯ ನಿರ್ಬಂಧವು ಇಲ್ಲಿ ಯಾವ ಕಾನೂನೂ ಇಲ್ಲದೆಯೇ ಸದ್ದಿಲ್ಲದೆ ಜಾರಿಯಲ್ಲಿದೆ.

ಒಂದು ಪದ ಬದುಕನ್ನು ಹೇಗೆ ಕಸಿಯಬಲ್ಲದು ಎಂಬುದಕ್ಕೆ ನಮ್ಮ ನ್ಯಾಯಾಲಯದ ಚರಿತ್ರೆಯಲ್ಲೇ ಉದಾಹರಣೆಯಿದೆ. 2004ರಲ್ಲಿ ಸುಪ್ರೀಮ್ ಕೋರ್ಟ್, ಗ್ರಾಚ್ಯುಟಿ ಕಾಯ್ದೆಯಲ್ಲಿದ್ದ ‘ನೌಕರ’ ಎಂಬ ಪದದ ವ್ಯಾಖ್ಯೆಯೊಳಗೆ ಶಿಕ್ಷಕರು ಬರುವುದಿಲ್ಲವೆಂದು ತೀರ್ಪಿತ್ತಿತು. ವರ್ಷಾನುಗಟ್ಟಲೆ ಖಾಸಗಿ ಶಾಲೆಯಲ್ಲಿ ಜೀವ ಸವೆಸಿದವರು ಬರಿಗೈಯಲ್ಲಿ ಮನೆಗೆ ಹೋಗಬೇಕಾಯಿತು. 2009ರಲ್ಲಿ ಸಂಸತ್ತು ಆ ವ್ಯಾಖ್ಯೆಯನ್ನೇ ತಿದ್ದಿ, 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗಿ ಶಿಕ್ಷಕರನ್ನು ಒಳಗೆ ತಂದಿತು. ಖಾಸಗಿ ಶಾಲೆಗಳು ಅದನ್ನೂ ಪ್ರಶ್ನಿಸಿದವು. 2022ರ ಆಗಸ್ಟ್ 29ರಂದು ಸುಪ್ರೀಮ್ ಕೋರ್ಟ್ ಶಿಕ್ಷಕರ ಪರವಾಗಿ ನಿಂತು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹತ್ತು ಮಂದಿ ದುಡಿಯುವ ಸಂಸ್ಥೆಯಲ್ಲಿ ಐದು ವರ್ಷ ಸೇವೆ ಸಲ್ಲಿಸಿ ಬಿಟ್ಟ ಶಿಕ್ಷಕಿಗೆ ಇದು ದಾನವಲ್ಲ, ಹಕ್ಕು. ನಮ್ಮ ಎಷ್ಟು ಶಿಕ್ಷಕಿಯರಿಗೆ ಇದು ಗೊತ್ತು? ಎಷ್ಟು ಆಡಳಿತ ಮಂಡಳಿಗಳು ತಾವಾಗಿಯೇ ಹೇಳಿವೆ?

ಹೊರಗಿನ ಅನ್ಯಾಯದ ಬಗ್ಗೆ ನಮಗೆ ಬಾಯಿಯಿದೆ, ಇರಲೂಬೇಕು. 2022ರ ಫೆಬ್ರವರಿಯಲ್ಲಿ ರಾಜ್ಯ ಸರಕಾರದ ಸಮವಸ್ತ್ರ ಆದೇಶದ ಬಳಿಕ ಶಾಲಾ ಗೇಟುಗಳಲ್ಲಿ ವಿದ್ಯಾರ್ಥಿನಿಯರ ಜೊತೆಗೆ ಶಿಕ್ಷಕಿಯರನ್ನೂ ತಡೆದು ಬುರ್ಖಾ ತೆಗೆಸಲಾಯಿತು. ತನ್ನ ಮಧ್ಯಂತರ ಆದೇಶವು ವಿದ್ಯಾರ್ಥಿಗಳಿಗಷ್ಟೇ ಅನ್ವಯ, ಶಿಕ್ಷಕರಿಗಲ್ಲ ಎಂದು ಹೈಕೋರ್ಟಿನ ಪೀಠವೇ ಆ ತಿಂಗಳು ಹೇಳಬೇಕಾಯಿತು. ಅಷ್ಟರಲ್ಲಿ ತುಮಕೂರಿನ ಖಾಸಗಿ ಕಾಲೇಜೊಂದರ ಇಂಗ್ಲಿಷ್ ಅತಿಥಿ ಉಪನ್ಯಾಸಕಿಯೊಬ್ಬರು ಆತ್ಮಗೌರವದ ಪ್ರಶ್ನೆಯೆಂದು ರಾಜೀನಾಮೆ ಇತ್ತಿದ್ದರು. ತರಗತಿಯ ಕಣ್ಣೆದುರೇ ಗುರುವನ್ನು ಗೇಟಿನಲ್ಲಿ ನಿಲ್ಲಿಸುವುದಕ್ಕಿಂತ ಶಿಕ್ಷಣಕ್ಕೆ ದೊಡ್ಡ ಅವಮಾನವಿಲ್ಲ. ಆದರೆ ಹಾಗೆ ಕೆಲಸ ಬಿಟ್ಟು ಬಂದವರಿಗೆ ಸಮುದಾಯದ ಸಂಸ್ಥೆಗಳು ತೆರೆದ ಬಾಗಿಲೆಷ್ಟು, ಕೊಟ್ಟ ಸಂಬಳವೆಷ್ಟು ಎಂಬ ಪ್ರಶ್ನೆ ಆ ದಿನಗಳ ಭಾಷಣಗಳಲ್ಲಿ ಕೇಳಿಬರಲಿಲ್ಲ.

ಮಹಿಳೆಗೆ ಇಷ್ಟೆಲ್ಲ ಅಧಿಕಾರ ಬೇಕೇ, ಪರ್ದಾದ ಗತಿಯೇನು ಎಂದು ಕೇಳುವ ಹಿರಿಯರಿದ್ದಾರೆ. ಅವರ ಕಾಳಜಿಯನ್ನು ನಾವು ಲಘುವಾಗಿ ಕಾಣುವುದಿಲ್ಲ. ಆದರೆ ನೇಮಕಾತಿ ಪತ್ರಕ್ಕೂ ಪರ್ದಾಕ್ಕೂ ಯಾವ ವಿರೋಧವಿದೆ? ಹುಡುಗಿಯರ ಶಾಲೆಯ ಪಠ್ಯ, ಶೌಚಾಲಯ, ಸಮಯ, ಶಿಸ್ತು ಇವುಗಳನ್ನೆಲ್ಲ ತೀರ್ಮಾನಿಸುವ ಸಭೆಯಲ್ಲಿ ಆ ಹುಡುಗಿಯರಿಗೆ ದಿನವೂ ಪಾಠ ಹೇಳುವವಳೊಬ್ಬಳೂ ಇಲ್ಲದಿರುವುದನ್ನು ಶರೀಅತ್‌ನ ಯಾವ ವಿಧಿ ಬಯಸುತ್ತದೆ? ಕರೀಮಾ ಅವರ ಕಾಲದವರಿಗೆ ಅದಬ್ ಗೊತ್ತಿರಲಿಲ್ಲವೇ?

‘ಹೆಡ್‌ಮಿಸ್ಟ್ರೆಸ್’ ಫಲಕವನ್ನು ಕಿತ್ತು ‘ಮುಖ್ಯ ಶಿಕ್ಷಕರು’ ಎಂದು ಬರೆಸಿದರೆ ಎಲ್ಲವೂ ಸರಿಹೋಗುವುದೆಂದು ನಾವು ಭಾವಿಸುವುದಿಲ್ಲ. ಹೊಸ ಪದಕ್ಕೂ ಹಳೆಯ ಸಂಬಳವನ್ನೇ ಕೊಟ್ಟರೆ ಅದೂ ಹತ್ತು ವರ್ಷಗಳಲ್ಲಿ ಸವೆಯುತ್ತದೆ. ಸ್ತ್ರೀರೂಪದ ಪದಗಳನ್ನು ಅಳಿಸುವುದರಲ್ಲೇ ಸಮಾನತೆಯಿದೆ ಎಂಬ ಇಂದಿನ ವಾದವೂ ನಮಗೆ ಪೂರ್ಣ ಒಪ್ಪಿಗೆಯಾಗುವುದಿಲ್ಲ. ‘ಶೈಖಾ’ ಎಂಬ ಪದ ಹೆಣ್ಣನ್ನು ಹೆಣ್ಣೆಂದೇ ಹೇಳುತ್ತಾ ಗುರುವೆಂದೂ ಹೇಳಿತು. ‘ಶಿಕ್ಷಕಿ’, ‘ಮುಅಲ್ಲಿಮಾ’, ‘ಅಕ್ಕೋರು’ ಇವೂ ಹಾಗೆ ಹೇಳಬಲ್ಲವು.

ಮದ್ರಸಗಳ, ಶಾಲೆಗಳ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಗಳು ಪ್ರತಿ ವರ್ಷವೂ ಮನೆಮನೆಗೆ ಬರುತ್ತವೆ. ವೇದಿಕೆಯಲ್ಲಿ ಕುಳಿತುಕೊಳ್ಳುವ ಹತ್ತು ಹನ್ನೆರಡು ಗಣ್ಯರ ಹೆಸರು, ಹುದ್ದೆ, ವ್ಯಾಪಾರ ಸಂಸ್ಥೆಯ ಸಹಿತ ಅಚ್ಚಾಗಿರುತ್ತದೆ. ಹುಡುಗಿಯರಿಗೆ ಕಿರಾಅತ್ ಕಲಿಸಿದವಳು, ಭಾಷಣ ಬರೆದುಕೊಟ್ಟವಳು, ಎರಡು ತಿಂಗಳು ಸಂಜೆ ತಡವಾಗಿ ಮನೆಗೆ ಹೋದವಳು ಕೊನೆಯ ಸಾಲಿನ ‘ಶಿಕ್ಷಕ ವೃಂದ’ದಲ್ಲಿ ಅಡಗಿಹೋಗುತ್ತಾಳೆ. ಮುಂದಿನ ಆಮಂತ್ರಣವನ್ನು ಮುದ್ರಣಾಲಯಕ್ಕೆ ಕಳುಹಿಸುವ ಮುನ್ನ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಆ ಶಿಕ್ಷಕಿಯರ ಹೆಸರುಗಳನ್ನು ಒಂದೊಂದಾಗಿ, ಅವರ ಪದವಿಯ ಸಹಿತ, ಬರೆಸಲಿ. ಜೊತೆಗೆ ಸಂಬಳ ಪಟ್ಟಿಯನ್ನೂ ಒಮ್ಮೆ ತೆರೆದು ನೋಡಲಿ.